ಜೋಮು ಬಂದು ಹೋಗುತ್ತದಾ, ಬಂದು ನಿಂತಿದೆಯಾ? ಕಾರ್ಪಲ್ ಟನಲ್ ತೊಂದರೆ ಬಗ್ಗೆ ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಕಾರ್ಪಲ್ ಟನಲ್ ಸಿಂಡ್ರೋಮ್. ಮಣಿಕಟ್ಟಿನ ಹತ್ತಿರ ಒಂದು ನರ ಒತ್ತಿಕೊಂಡು ಬೆರಳುಗಳು ಜೋಮು ಹಿಡಿಯುವ ತೊಂದರೆ ಇದು. ಜೀವಕ್ಕೆ ಅಪಾಯವಿಲ್ಲ. ಆದರೆ ನಿದ್ದೆ ಕೆಡಿಸುತ್ತದೆ, ಕೆಲಸಕ್ಕೆ ಅಡ್ಡ ಬರುತ್ತದೆ, ತುಂಬಾ ದಿನ ಹಾಗೇ ಬಿಟ್ಟರೆ ಹೆಬ್ಬೆರಳಿನ ಬಲವನ್ನೇ ಕಸಿದುಕೊಳ್ಳುತ್ತದೆ.

ನಾನು ಕೈಯ ಆಪರೇಷನ್ ಮಾಡುವ ವೈದ್ಯೆ. ನನ್ನ ಹತ್ತಿರ ಎರಡು ಥರದವರು ಬರುತ್ತಾರೆ. ಕೆಲವರು ನಾಲ್ಕು ದಿನ ಬೆರಳು ಜುಮ್ಮೆಂದಿದ್ದಕ್ಕೇ ಆಪರೇಷನ್ ಆಗಬೇಕೇನೋ ಅಂತ ಹೆದರಿ ಬರುತ್ತಾರೆ. ಅವರಿಗೆ ಧೈರ್ಯ ಹೇಳಿ, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಒಂದು ಪಟ್ಟಿ ಕೊಟ್ಟು ಕಳಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಇನ್ನು ಕೆಲವರು ವರ್ಷಗಟ್ಟಲೆ ಸಹಿಸಿಕೊಂಡು, ಹೆಬ್ಬೆರಳ ಬುಡ ಬತ್ತಿದ ಮೇಲೆ ಬರುತ್ತಾರೆ. ಅವರ ಕೈ ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಅವರಲ್ಲಿ ಹಲವರು ಹೇಳುವ ಮಾತು ಒಂದೇ: "ಮೊದಲು ರಾತ್ರಿಯೆಲ್ಲ ನೋವಿತ್ತು ಡಾಕ್ಟ್ರೇ. ಆಮೇಲೆ ತಾನಾಗೇ ಕಡಿಮೆಯಾಯ್ತು. ವಾಸಿಯಾಯ್ತು ಅಂದುಕೊಂಡೆ." ನೋವು ಕಡಿಮೆಯಾದದ್ದು ನಿಜ. ಆದರೆ ನರ ವಾಸಿಯಾಗಿರಲಿಲ್ಲ. ನೋವನ್ನು ಹೇಳುವ ಶಕ್ತಿಯೇ ಅದಕ್ಕೆ ಹೋಗಿತ್ತು. ಇವತ್ತು ನಾನು ಏನೇನೇ ಹೇಳಿದರೂ ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ.

ಮೊದಲು ಜಾಗ ಯಾವುದು ಅಂತ ನೋಡೋಣ. ಅಂಗೈ ಮೇಲೆ ಮಾಡಿ ಹಿಡಿಯಿರಿ. ಮಣಿಕಟ್ಟಿನಲ್ಲಿ ಗೆರೆ ಕಾಣುತ್ತದೆ ಅಲ್ವಾ? ಆ ಗೆರೆಯಿಂದ ಶುರುವಾಗಿ ಅಂಗೈಯ ಬುಡದವರೆಗೆ, ಚರ್ಮದ ಕೆಳಗೆ ಒಂದು ಸಣ್ಣ ದಾರಿ ಇದೆ. ಕೆಳಗೂ ಪಕ್ಕಗಳಲ್ಲೂ ಮಣಿಕಟ್ಟಿನ ಪುಟ್ಟ ಮೂಳೆಗಳು. ಮೇಲುಗಡೆ ಒಂದು ದಪ್ಪನೆಯ, ಬಿಗಿಯಾದ ಪಟ್ಟಿ. ಅದನ್ನು ಲಿಗಮೆಂಟ್ ಅನ್ನುತ್ತೇವೆ. ಈ ದಾರಿಯಲ್ಲಿ ಬೆರಳು ಮಡಿಸುವ 9 ಟೆಂಡನ್‌ಗಳು, ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ಗಟ್ಟಿ ಹುರಿಗಳು, ಹೋಗುತ್ತವೆ. ಅವುಗಳ ಜೊತೆ ಒಂದೇ ಒಂದು ನರ, ಮೀಡಿಯನ್ ನರ. ಮೂಳೆ ಹಿಗ್ಗುವುದಿಲ್ಲ, ಪಟ್ಟಿಯೂ ಹಿಗ್ಗುವುದಿಲ್ಲ. ಟೆಂಡನ್‌ಗಳ ಸುತ್ತಲಿನ ಪೊರೆ ಸ್ವಲ್ಪ ಊದಿಕೊಂಡರೂ ಒಳಗೆ ಒತ್ತಡ ಏರುತ್ತದೆ. ಅಲ್ಲಿರುವುದರಲ್ಲೆಲ್ಲ ಮೆತ್ತಗಿರುವುದು ನರ. ಪೆಟ್ಟು ಬೀಳುವುದೂ ಅದಕ್ಕೇ.

ಒತ್ತಡ ಹೆಚ್ಚಾದಾಗ ಮೊದಲು ಆಗುವುದು ನರಕ್ಕೆ ರಕ್ತ ಸರಿಯಾಗಿ ಹೋಗದಿರುವುದು. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಕಾಲು ನೀಡಿದರೆ ಸರಿಹೋಗುತ್ತದೆ. ಇಲ್ಲೂ ಮೊದಮೊದಲು ಕೈ ಕೊಡವಿದರೆ ಸರಿಹೋಗುತ್ತದೆ. ಒತ್ತಡ ತಿಂಗಳುಗಟ್ಟಲೆ ಹಾಗೇ ಇದ್ದರೆ ನರದ ಎಳೆಗಳ ಮೇಲಿನ ಮೈಲಿನ್ ಅನ್ನುವ ಹೊದಿಕೆ ಹಾಳಾಗುತ್ತದೆ. ಇನ್ನೂ ಮುಂದುವರಿದರೆ ಎಳೆಗಳೇ ಸಾಯುತ್ತವೆ. ಈ ಮೂರು ಹಂತಗಳು ನೆನಪಿರಲಿ. ಚಿಕಿತ್ಸೆ, ಚೇತರಿಕೆ ಎಲ್ಲ ಇದರ ಮೇಲೆ ನಿಂತಿದೆ.

ಈಗ ಲಕ್ಷಣಗಳು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನಲ್ಲಿ ಹೆಬ್ಬೆರಳ ಕಡೆಯ ಅರ್ಧ ಭಾಗ. ಜೋಮು ಹಿಡಿಯುವುದು ಇಷ್ಟರಲ್ಲಿ. ಕಿರುಬೆರಳಿಗೆ ಬೇರೆ ನರ ಇದೆ, ಅದು ಈ ದಾರಿಯಲ್ಲಿ ಬರುವುದಿಲ್ಲ. ಆದರೂ ತುಂಬಾ ಜನ "ಇಡೀ ಕೈಯೇ ಜೋಮು" ಅಂತಲೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನಿದ್ದೆಗಣ್ಣಿನಲ್ಲಿ ಯಾವ ಬೆರಳು ಅಂತ ಯಾರು ಲೆಕ್ಕ ಇಡುತ್ತಾರೆ? ಮುಂದಿನ ಸಲ ಜೋಮು ಬಂದಾಗ ಕಿರುಬೆರಳನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿ. ಅದು ಚೆನ್ನಾಗಿದ್ದರೆ ಒಂದು ದೊಡ್ಡ ಸುಳಿವು ಸಿಕ್ಕಿತು. ಜೋಮು ಬರೀ ಕಿರುಬೆರಳಲ್ಲಿದ್ದರೆ ಮೊಣಕೈ ಹತ್ತಿರದ ಇನ್ನೊಂದು ನರವನ್ನು ನೋಡಬೇಕಾಗುತ್ತದೆ.

ರಾತ್ರಿ ಯಾಕೆ ಜಾಸ್ತಿ? ನಿದ್ದೆಯಲ್ಲಿ ನಾವು ಮಣಿಕಟ್ಟು ಮಡಿಸಿಕೊಂಡು, ಕೆಲವೊಮ್ಮೆ ಕೆನ್ನೆ ಕೆಳಗೆ ಇಟ್ಟುಕೊಂಡು ಮಲಗುತ್ತೇವೆ. ಮಣಿಕಟ್ಟು ಯಾವ ಕಡೆ ಬಗ್ಗಿದರೂ ಒಳಗಿನ ಒತ್ತಡ ಹಲವು ಪಟ್ಟು ಏರುತ್ತದೆ. ಮಲಗಿದಾಗ ಕಾಲಿನ ಕಡೆ ಇಳಿದಿದ್ದ ನೀರಿನಂಶ ಮೇಲಕ್ಕೂ ಹಂಚಿಕೆಯಾಗುತ್ತದೆ. ಹಗಲು ಆಡುತ್ತಿದ್ದ ಕೈ ಆಡದೆ ಬಿದ್ದಿರುತ್ತದೆ. ಹಾಗಾಗಿ ನಡುರಾತ್ರಿ ಎಚ್ಚರವಾಗಿ, ಮಂಚದ ಅಂಚಿನಲ್ಲಿ ಕೂತು ಕೈ ಕೊಡವುವುದು. "ರಾತ್ರಿ ಏನು ಮಾಡ್ತೀರಿ?" ಅಂತ ಕೇಳಿದರೆ ತುಂಬಾ ಜನ ಬಾಯಿಂದ ಉತ್ತರ ಹೇಳುವುದಿಲ್ಲ, ಕೈ ಕೊಡವಿ ತೋರಿಸುತ್ತಾರೆ. ನನಗೆ ಎಷ್ಟೋ ಪರೀಕ್ಷೆಗಳಿಗಿಂತ ಆ ಉತ್ತರದ ಮೇಲೆ ನಂಬಿಕೆ. ಹಗಲಲ್ಲಿ ಫೋನ್ ಹಿಡಿದಾಗ, ಪುಸ್ತಕ ಹಿಡಿದಾಗ, ಗಾಡಿ ಓಡಿಸುವಾಗ ಜೋಮು ಬರುತ್ತದೆ. ನೋವು ಮೊಣಕೈವರೆಗೆ, ಕೆಲವರಿಗೆ ಭುಜದವರೆಗೂ ಹತ್ತುವುದುಂಟು. ಆಮೇಲೆ ಗುಂಡಿ ಹಾಕಲು ಕಷ್ಟ, ಸೂಜಿ ಹಿಡಿಯಲು ಕಷ್ಟ, ಕೈಲಿದ್ದ ಲೋಟ ಜಾರುವುದು. ಜೇಬಿಗೆ ಕೈ ಹಾಕಿದರೆ ನಾಣ್ಯ ಯಾವುದು, ಬೀಗದ ಕೈ ಯಾವುದು ಅಂತ ನೋಡದೆ ಗೊತ್ತಾಗುವುದಿಲ್ಲ.

ಇಲ್ಲಿಗೆ ಬಂದಾಗ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಜೋಮು ಬಂದು ಹೋಗುತ್ತದಾ, ಬಂದು ನಿಂತುಬಿಟ್ಟಿದೆಯಾ? ಬಂದು ಹೋಗುತ್ತಿದ್ದರೆ ನರ ಇನ್ನೂ ಚೇತರಿಸಿಕೊಳ್ಳುತ್ತಿದೆ. ಸಮಯ ಇದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಬೆರಳ ತುದಿ ಮರಗಟ್ಟಿಯೇ ಇದ್ದರೆ ಸಮಯ ಜಾಸ್ತಿ ಇಲ್ಲ.

ಇನ್ನೊಂದನ್ನು ನೀವೇ ನೋಡಿಕೊಳ್ಳಬಹುದು. ಎರಡೂ ಅಂಗೈಗಳನ್ನು ಪಕ್ಕಪಕ್ಕ ಇಡಿ. ಹೆಬ್ಬೆರಳ ಬುಡದಲ್ಲಿ ಮಾಂಸಲವಾದ ಉಬ್ಬು ಇರುತ್ತದೆ. ಒಂದು ಕೈಯಲ್ಲಿ ಅದು ತಗ್ಗಾಗಿದೆಯಾ, ಒಳಗಿನ ಮೂಳೆಯ ಅಂಚು ಕಾಣುತ್ತಿದೆಯಾ ನೋಡಿ. ಆಮೇಲೆ ಅಂಗೈ ಮೇಜಿನ ಮೇಲೆ ಅಂಗಾತ ಇಟ್ಟು ಹೆಬ್ಬೆರಳನ್ನು ನೇರ ಸೂರಿನ ಕಡೆ ಎತ್ತಿ. ಇನ್ನೊಂದು ಕೈಯಿಂದ ಅದನ್ನು ಕೆಳಕ್ಕೆ ತಳ್ಳಿ. ಸುಲಭವಾಗಿ ಬಿದ್ದುಹೋದರೆ ಆ ಸ್ನಾಯು ಸೋತಿದೆ. ಎರಡೂ ಕೈಗೆ ತೊಂದರೆ ಇದ್ದರೆ ಹೋಲಿಸಲು ಮನೆಯ ಇನ್ನೊಬ್ಬರ ಕೈ ಬೇಕಾಗುತ್ತದೆ.

1913ರಲ್ಲಿ ಫ್ರಾನ್ಸ್‌ನ ಪಿಯರ್ ಮಾರಿ ಮತ್ತು ಶಾರ್ಲ್ ಫ್ವಾ ಎಂಬ ವೈದ್ಯರು 80 ವರ್ಷದ ಒಬ್ಬ ಮಹಿಳೆ ತೀರಿಕೊಂಡ ಮೇಲೆ ಅವರ ಕೈಗಳನ್ನು ಪರೀಕ್ಷಿಸಿದರು. ಎರಡೂ ಹೆಬ್ಬೆರಳ ಬುಡ ಬತ್ತಿತ್ತು. ಪಟ್ಟಿಗಿಂತ ಮೇಲೆ ನರ ದಪ್ಪಗೆ ಊದಿತ್ತು, ಪಟ್ಟಿಯ ಕೆಳಗೆ ಸಣ್ಣಗಾಗಿತ್ತು. ಮೊದಲೇ ಗೊತ್ತಾಗಿ ಈ ಪಟ್ಟಿಯನ್ನು ಕತ್ತರಿಸಿದ್ದರೆ ಇದನ್ನು ತಡೆಯಬಹುದಿತ್ತೇನೋ ಅಂತ ಅವರು ಬರೆದರು. ಅಷ್ಟು ಹಿಂದೆಯೇ ಸೂಚಿಸಿದ್ದರೂ ಆಪರೇಷನ್ ಸಾಮಾನ್ಯವಾಗಲು ದಶಕಗಳೇ ಹಿಡಿದವು. 1950ರ ದಶಕದಲ್ಲಿ ಅಮೆರಿಕದ ಜಾರ್ಜ್ ಫೇಲನ್ ಸಾಲುಸಾಲಾಗಿ ರೋಗಿಗಳ ವಿವರ ಪ್ರಕಟಿಸಿದ ಮೇಲೆ ಈ ಕಾಯಿಲೆ ಎಲ್ಲ ವೈದ್ಯರ ಗಮನಕ್ಕೆ ಬಂತು. ಅವರ ಹೆಸರಿನ ಪರೀಕ್ಷೆಯನ್ನು ಈಗಲೂ ಮಾಡುತ್ತೇವೆ. ಮಣಿಕಟ್ಟುಗಳನ್ನು ಪೂರ್ತಿ ಮಡಿಸಿ ಒಂದು ನಿಮಿಷ ಹಿಡಿಯಬೇಕು. ಜೋಮು ಬಂದರೆ ಅನುಮಾನ ಗಟ್ಟಿ. ಮಣಿಕಟ್ಟಿನ ಮೇಲೆ ಬೆರಳಿಂದ ತಟ್ಟಿದಾಗ ಕರೆಂಟ್ ಹೊಡೆದ ಹಾಗೆ ಆಗುವುದು ಇನ್ನೊಂದು, ಅದು ಟಿನೆಲ್ ಪರೀಕ್ಷೆ. ನರದ ಮೇಲೆ ನೇರವಾಗಿ ಹೆಬ್ಬೆರಳಿಂದ 30 ಸೆಕೆಂಡ್ ಒತ್ತಿ ನೋಡುವುದೂ ಇದೆ. ಯಾವುದೂ ನೂರಕ್ಕೆ ನೂರು ಅಲ್ಲ.

ನರ್ವ್ ಕಂಡಕ್ಷನ್ ಪರೀಕ್ಷೆ ಬೇಕಾ? ಸಣ್ಣ ಸಣ್ಣ ಕರೆಂಟ್ ಕೊಟ್ಟು ನರದಲ್ಲಿ ಸಂದೇಶ ಎಷ್ಟು ಬೇಗ ಹೋಗುತ್ತದೆ ಅಂತ ಅಳೆಯುವುದು ಅದು. ಕಿರಿಕಿರಿ ಆಗುತ್ತದೆ, ಅಪಾಯ ಇಲ್ಲ. ಹೊದಿಕೆ ಮಾತ್ರ ಹಾಳಾಗಿದೆಯಾ, ಎಳೆಗಳೂ ಹೋಗಿವೆಯಾ ಅಂತ ಹೇಳುತ್ತದೆ. ಆಪರೇಷನ್ ಯೋಚನೆ ಇದ್ದರೆ ಮಾಡಿಸುವುದು ಒಳ್ಳೆಯದು. ನಂತರ ಚೇತರಿಕೆ ನಿಧಾನವಾದಾಗ ಹೋಲಿಸಿ ನೋಡಲು ಅದೇ ಆಧಾರ. ಆರಂಭದ ಹಂತದಲ್ಲಿ ಈ ಪರೀಕ್ಷೆ ನಾರ್ಮಲ್ ಬರಬಹುದು ಅನ್ನುವುದೂ ಗೊತ್ತಿರಲಿ. ಕುತ್ತಿಗೆಯಲ್ಲಿ ನರ ಒತ್ತಿದ್ದರೂ ಇದೇ ಬೆರಳುಗಳು ಜೋಮು ಹಿಡಿಯಬಹುದು. ಕುತ್ತಿಗೆ ತಿರುಗಿಸಿದಾಗ ನೋವು ಕೈಗೆ ಇಳಿದರೆ ಅದನ್ನೂ ಹೇಳಿ. ಜೋಮಿನ ಜೊತೆ ಒಂದು ಕೈ ಇದ್ದಕ್ಕಿದ್ದಂತೆ ಸೋತುಹೋಗಿ, ಮಾತು ತೊದಲಿದರೆ ಅದು ಇದಲ್ಲ. ತಕ್ಷಣ ಆಸ್ಪತ್ರೆಗೆ ಓಡಬೇಕು.

ಯಾರಿಗೆ ಬರುತ್ತದೆ? ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ, ಅದರಲ್ಲೂ ನಡುವಯಸ್ಸಿನಲ್ಲಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆ ಇರುವುದು, ಸಂಧಿವಾತ, ಹೆಚ್ಚು ತೂಕ, ಗರ್ಭಿಣಿಯಾಗಿರುವುದು, ಬಹಳ ವರ್ಷ ಡಯಾಲಿಸಿಸ್, ಇವೆಲ್ಲ ಕಾರಣವಾಗಬಹುದು. ಅದುರುವ ಯಂತ್ರ ಹಿಡಿದು ಕೆಲಸ ಮಾಡುವವರಿಗೆ, ಬಲವಾಗಿ ಹಿಡಿದು ತಿರುಚುವ ಕೆಲಸ ಮತ್ತೆ ಮತ್ತೆ ಮಾಡುವವರಿಗೆ ಅಪಾಯ ಹೆಚ್ಚು. ಕೀಬೋರ್ಡ್ ಒಂದರಿಂದಲೇ ಬರುತ್ತದೆ ಅನ್ನುವುದಕ್ಕೆ ಮಾತ್ರ ಆಧಾರ ಅಷ್ಟು ಗಟ್ಟಿಯಿಲ್ಲ. "ಕಂಪ್ಯೂಟರ್ ಮುಟ್ಟದ ನನಗೆ ಹೇಗೆ ಬಂತು?" ಅಂತ ಕೇಳುವವರು ಬಹಳ. ಬರುತ್ತದೆ. ಎಷ್ಟೋ ಜನರಿಗೆ ಇಂಥದ್ದೇ ಕಾರಣ ಅಂತ ಬೊಟ್ಟು ಮಾಡಿ ತೋರಿಸಲು ಆಗುವುದೇ ಇಲ್ಲ. ವಯಸ್ಸಾದ ಗಂಡಸರಲ್ಲಿ ಎರಡೂ ಕೈಗೆ ಬಂದಾಗ ನಾವು ಅಮಿಲಾಯ್ಡೋಸಿಸ್ ಅನ್ನುವ, ಒಂದು ಥರದ ಪ್ರೋಟೀನ್ ಅಂಗಗಳಲ್ಲಿ ಶೇಖರವಾಗುವ ಕಾಯಿಲೆಯನ್ನೂ ಮನಸ್ಸಲ್ಲಿ ಇಟ್ಟುಕೊಳ್ಳುತ್ತೇವೆ. ಹೃದಯದ ತೊಂದರೆ ಕಾಣಿಸುವುದಕ್ಕೆ ವರ್ಷಗಳ ಮೊದಲೇ ಅದು ಮಣಿಕಟ್ಟಿನಲ್ಲಿ ಕಾಣಿಸಬಹುದು. ಮಣಿಕಟ್ಟಿನ ಮೂಳೆ ಮುರಿದ ತಕ್ಷಣ ಬೆರಳುಗಳು ಮರಗಟ್ಟಿ ನೋವು ಗಂಟೆಗಂಟೆಗೆ ಏರುತ್ತಿದ್ದರೆ ಮಾತ್ರ ತುರ್ತು. ಆಗ ಕಾಯುವಂತಿಲ್ಲ.

ಇನ್ನು ಚಿಕಿತ್ಸೆ. ಬಂದು ಹೋಗುವ ಜೋಮಿಗೆ ಮೊದಲು ಸ್ಪ್ಲಿಂಟ್, ಅಂದರೆ ಮಣಿಕಟ್ಟಿನ ಪಟ್ಟಿ. ರಾತ್ರಿ ಹಾಕಿಕೊಂಡು ಮಲಗುವುದು. ಸಾಮಾನ್ಯವಾಗಿ 6 ವಾರ ಬಿಡದೆ ಹಾಕಿ ನೋಡಬೇಕು. ಇಲ್ಲಿ ಒಂದು ಸಣ್ಣ ವಿಷಯ ಹೇಳಲೇಬೇಕು. ಕೊಂಡು ತರುವ ಎಷ್ಟೋ ಸ್ಪ್ಲಿಂಟ್‌ಗಳ ಒಳಗಿನ ಲೋಹದ ಪಟ್ಟಿ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಹಿಡಿಯುವ ಹಾಗೆ ಬಗ್ಗಿರುತ್ತದೆ. ಬೇರೆ ತೊಂದರೆಗಳಿಗೆ ಅದು ಸರಿ. ನಮಗೆ ಬೇಕಾದದ್ದು ನೇರವಾಗಿರುವ ಮಣಿಕಟ್ಟು, ಯಾಕಂದರೆ ಹಿಂದಕ್ಕೆ ಬಾಗಿದರೂ ಒತ್ತಡ ಏರುತ್ತದೆ. ಆ ಲೋಹದ ಪಟ್ಟಿಯನ್ನು ಹೊರಗೆ ತೆಗೆದು, ನೇರ ಮಾಡಿ, ಮತ್ತೆ ಒಳಗೆ ತೂರಿಸಬಹುದು. ಬೆರಳುಗಳು ಆರಾಮಾಗಿ ಆಡುವಂತಿರಬೇಕು. ತುಂಬಾ ಬಿಗಿಯಾಗಿ ಕಟ್ಟಿದರೆ ಕಟ್ಟಿದ ಉದ್ದೇಶವೇ ಹಾಳು. "ಸ್ಪ್ಲಿಂಟ್ ಹಾಕಿದೆ, ಏನೂ ಉಪಯೋಗ ಆಗಲಿಲ್ಲ" ಅನ್ನುವವರಿಗೆ ಅದನ್ನು ತಂದು ತೋರಿಸಿ ಅನ್ನುತ್ತೇನೆ. ಪಟ್ಟಿ ನೇರ ಮಾಡಿದ ಮೇಲೆ ನಿದ್ದೆ ಬಂದವರಿದ್ದಾರೆ.

ನೋವಿನ ಮಾತ್ರೆಗಳಿಂದ ಇಲ್ಲಿ ಹೆಚ್ಚಿನ ಪ್ರಯೋಜನ ಇಲ್ಲ. ವಿಟಮಿನ್ ಬಿ6 ಬಗ್ಗೆ ತುಂಬಾ ನಂಬಿಕೆ ಇದೆ. ಅದರಿಂದ ಇದು ಗುಣವಾಗುತ್ತದೆ ಅನ್ನುವುದು ಸಾಬೀತಾಗಿಲ್ಲ. ಸುಮ್ನೆ ಹೆಚ್ಚು ಪ್ರಮಾಣದಲ್ಲಿ ಬಹಳ ದಿನ ನುಂಗಿದರೆ ಅದೇ ನರಗಳಿಗೆ ಹಾನಿ ಮಾಡುತ್ತದೆ. ದಯವಿಟ್ಟು ನೀವಾಗಿಯೇ ತೆಗೆದುಕೊಳ್ಳಬೇಡಿ. ಥೈರಾಯ್ಡ್, ಸಕ್ಕರೆ ಇದ್ದರೆ ಹತೋಟಿಗೆ ತರಬೇಕು. ಗರ್ಭಿಣಿಯರಲ್ಲಿ ಹೆಚ್ಚಾಗಿ ಹೆರಿಗೆಯಾದ ಕೆಲವು ವಾರ, ತಿಂಗಳಲ್ಲಿ ಕಡಿಮೆಯಾಗುತ್ತದೆ. ಅವರಿಗೆ ಸ್ಪ್ಲಿಂಟ್ ಮತ್ತು ತಾಳ್ಮೆ.

ಸ್ಟೆರಾಯ್ಡ್ ಇಂಜೆಕ್ಷನ್ ಅಂದರೆ ತುಂಬಾ ಜನ ಹೆದರುತ್ತಾರೆ. ಮಣಿಕಟ್ಟಿಗೆ ಕೊಡುವ ಒಂದು ಇಂಜೆಕ್ಷನ್ ದಿನವೂ ನುಂಗುವ ಸ್ಟೆರಾಯ್ಡ್ ಥರ ಅಲ್ಲ. ಊತ ಇಳಿಸುತ್ತದೆ, ಹಲವರಿಗೆ ವಾರಗಳಿಂದ ತಿಂಗಳುಗಳವರೆಗೆ ಆರಾಮ ಕೊಡುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಕೆಲವು ದಿನ ಸಕ್ಕರೆ ಏರಬಹುದು, ಅಳೆದು ನೋಡಿಕೊಳ್ಳಬೇಕು. ಒಂದು ವರ್ಷದೊಳಗೆ ಎಷ್ಟೋ ಜನರಿಗೆ ತೊಂದರೆ ಮರುಕಳಿಸುತ್ತದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಇಂಜೆಕ್ಷನ್‌ನಿಂದ ಚೆನ್ನಾಗಿ ಆರಾಮ ಸಿಕ್ಕಿತು ಅಂದರೆ ರೋಗ ಇದೇ ಅಂತ ಗಟ್ಟಿಯಾಯಿತು, ಮುಂದೆ ಆಪರೇಷನ್ ಬೇಕಾದರೆ ಅದೂ ಫಲ ಕೊಡುವ ಸಾಧ್ಯತೆ ಹೆಚ್ಚು. ನನಗೆ ಒಪ್ಪಿಗೆಯಾಗದ್ದು ಒಂದೇ: ಬೆರಳು ಸದಾ ಮರಗಟ್ಟಿ, ಸ್ನಾಯು ಬತ್ತುತ್ತಿರುವಾಗ ಮತ್ತೆ ಮತ್ತೆ ಇಂಜೆಕ್ಷನ್ ಕೊಟ್ಟು ದಿನ ದೂಡುವುದು.

ಆಪರೇಷನ್ ಯಾವಾಗ? ಸ್ಪ್ಲಿಂಟ್, ಇಂಜೆಕ್ಷನ್ ಎರಡೂ ಸಾಲದಾದಾಗ. ಜೋಮು ಬಂದು ನಿಂತಾಗ. ಹೆಬ್ಬೆರಳು ಸೋಲತೊಡಗಿದಾಗ. ಮಾಡುವುದು ಇಷ್ಟೇ, ನರದ ದಾರಿಯ ಮೇಲಿನ ಆ ಲಿಗಮೆಂಟ್ ಪಟ್ಟಿಯನ್ನು ಉದ್ದಕ್ಕೆ ಕತ್ತರಿಸಿ ಬಿಡುವುದು. ಹೆಚ್ಚಾಗಿ ಕೈಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುತ್ತೇವೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ, ಮಾತಾಡುತ್ತಿರುತ್ತಾರೆ. ಅವತ್ತೇ ಮನೆಗೆ ಹೋಗಬಹುದು. ಅಂಗೈಯಲ್ಲಿ ಕೆಲವು ಸೆಂಟಿಮೀಟರ್ ಗಾಯ. ಚರ್ಮ, ಕೊಬ್ಬು ದಾಟಿದರೆ ಬೆಳ್ಳಗೆ ಹೊಳೆಯುವ ಪಟ್ಟಿ ಕಾಣುತ್ತದೆ. ಅದನ್ನು ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಹೋದಂತೆ ಅಂಚುಗಳು ತಾವಾಗಿಯೇ ಅಗಲಕ್ಕೆ ಸರಿಯುತ್ತವೆ. ಕೆಳಗೆ ನರ. ಬಹಳ ದಿನ ಒತ್ತಿದ್ದರೆ ಒತ್ತಿದ ಜಾಗದಲ್ಲಿ ಚಪ್ಪಟೆಯಾಗಿ, ಬಿಳಿಚಿಕೊಂಡು ಮಲಗಿರುತ್ತದೆ. ಪಟ್ಟಿ ಬಿಟ್ಟ ಮೇಲೆ ಎಷ್ಟೋ ಸಲ ನಮ್ಮ ಕಣ್ಣೆದುರೇ ಅದರ ಮೇಲಿನ ಸಣ್ಣ ರಕ್ತನಾಳಗಳು ತುಂಬಿಕೊಂಡು ಬಣ್ಣ ಕೆಂಪಗೆ ತಿರುಗುತ್ತದೆ. ಎಷ್ಟು ಆಪರೇಷನ್ ಮಾಡಿದ್ದರೂ ಅದನ್ನು ನೋಡುವಾಗ ಪ್ರತಿ ಸಲ ಖುಷಿಯಾಗುತ್ತದೆ.

ಕ್ಯಾಮೆರಾ ತೂರಿಸಿ ಸಣ್ಣ ಗಾಯದಲ್ಲಿ ಮಾಡುವ ಎಂಡೋಸ್ಕೋಪಿಕ್ ವಿಧಾನವೂ ಇದೆ. ಅದರಲ್ಲಿ ಸ್ವಲ್ಪ ಬೇಗ ಕೆಲಸಕ್ಕೆ ಮರಳಬಹುದು. ಕೆಲವು ತಿಂಗಳಾದ ಮೇಲೆ ನೋಡಿದರೆ ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ನಿಮ್ಮ ವೈದ್ಯರ ಕೈ ಯಾವುದರಲ್ಲಿ ಪಳಗಿದೆಯೋ ಅದೇ ನಿಮಗೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಈಗ ಜನ ಅತಿ ಹೆಚ್ಚು ಕೇಳುವ ಭಾಗ, ಆಪರೇಷನ್ ಆದ ಮೇಲೆ. ಇಲ್ಲಿ ಒಂದು ವಿಷಯ ಅರ್ಥವಾದರೆ ಅರ್ಧ ಆತಂಕ ಹೋಗುತ್ತದೆ. ಎಲ್ಲ ಲಕ್ಷಣಗಳೂ ಒಟ್ಟಿಗೆ ಹೋಗುವುದಿಲ್ಲ. ಒಂದೊಂದಕ್ಕೂ ಅದರದ್ದೇ ಕಾಲ ಬೇಕು.

ಬೇಗ ಹೋಗುವುದು ರಾತ್ರಿಯ ನೋವು, ಜೋಮು. ಕೆಲವರಿಗೆ ಅವತ್ತೇ ರಾತ್ರಿ, ಹಲವರಿಗೆ ಕೆಲವು ದಿನಗಳಲ್ಲಿ. ಒತ್ತಡ ಇಳಿಯಿತು, ರಕ್ತ ಹರಿಯಿತು, ಅಷ್ಟೇ. ಹೊದಿಕೆ ಹಾಳಾಗಿದ್ದರೆ ಅದು ಮತ್ತೆ ಕೂಡಿಕೊಳ್ಳಲು ವಾರಗಳು, ತಿಂಗಳುಗಳು ಬೇಕು. ಸದಾ ಮರಗಟ್ಟಿದ್ದ ಬೆರಳ ತುದಿ ನಿಧಾನಕ್ಕೆ ಎಚ್ಚರಗೊಳ್ಳುತ್ತದೆ. ಎಳೆಗಳೇ ಸತ್ತಿದ್ದರೆ ಅವು ಹೊಸದಾಗಿ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮಣಿಕಟ್ಟಿನಿಂದ ಬೆರಳ ತುದಿಗೆ ಎಷ್ಟು ದೂರ ಅಂತ ನೀವೇ ಅಳೆದು ನೋಡಿ. ಅರ್ಧ ವರ್ಷ, ಒಂದು ವರ್ಷ ಯಾಕೆ ಹೇಳುತ್ತೇವೆ ಅಂತ ಗೊತ್ತಾಗುತ್ತದೆ. ಈ ದಾರಿಯಲ್ಲಿ ಮಧ್ಯೆ ಜುಮು ಜುಮು ಜಾಸ್ತಿಯಾಗಬಹುದು. ಅದು ಸಾಮಾನ್ಯವಾಗಿ ನರ ಚೇತರಿಸಿಕೊಳ್ಳುವ ಲಕ್ಷಣ. ಬತ್ತಿದ ಸ್ನಾಯು ಮಾತ್ರ ಪೂರ್ತಿ ತುಂಬಿಕೊಳ್ಳುವುದು ಅಪರೂಪ. ಅಂಥವರಿಗೆ ಆಪರೇಷನ್‌ನ ಗುರಿಯೇ ಬೇರೆ, ಇನ್ನಷ್ಟು ಹಾಳಾಗದ ಹಾಗೆ ತಡೆಯುವುದು. ಇದನ್ನು ಮೊದಲೇ ಹೇಳಿರಬೇಕು. ಹೆಬ್ಬೆರಳು ಬೇರೆ ಬೆರಳುಗಳ ಎದುರು ಬರುವುದೇ ನಿಂತಿದ್ದರೆ ಬೇರೊಂದು ಟೆಂಡನ್ ತಿರುಗಿಸಿ ಜೋಡಿಸುವ ಆಪರೇಷನ್ ಇದೆ, ಆಶೆ ಬಿಡಬೇಕಾಗಿಲ್ಲ.

ಮೊದಲ ಮೂರು ನಾಲ್ಕು ದಿನ ಕೈಯನ್ನು ಎದೆಗಿಂತ ಎತ್ತರದಲ್ಲಿ ಇಡಿ. ಮಲಗುವಾಗ ದಿಂಬಿನ ಮೇಲೆ. ಬೆರಳುಗಳನ್ನು ಅವತ್ತಿನಿಂದಲೇ ಆಡಿಸಬೇಕು. ಪೂರ್ತಿ ಮುಷ್ಟಿ, ಪೂರ್ತಿ ನೇರ, ಗಂಟೆಗೊಮ್ಮೆ ಕೆಲವು ಸಲ. "ಹೊಲಿಗೆ ಬಿಚ್ಚಿ ಹೋದೀತು" ಅಂತ ಹೆದರಿ ಕೈಯನ್ನು ಎದೆಗೆ ಅವುಚಿಕೊಂಡೇ ಇದ್ದರೆ ಬೆರಳು ಬಿಗಿದುಕೊಳ್ಳುತ್ತವೆ. ಆ ಬಿಗಿತ ಬಿಡಿಸುವುದು ಆಪರೇಷನ್‌ಗಿಂತ ದೊಡ್ಡ ಕೆಲಸ. ಹೊಲಿಗೆ ತೆಗೆಯುವುದು 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ಗಾಯ ನೆನೆಯಬಾರದು. ಗುಂಡಿ ಹಾಕುವುದು, ಪೆನ್ನು ಹಿಡಿಯುವುದು ಇಂಥ ಹಗುರ ಕೆಲಸಕ್ಕೆ ಅಡ್ಡಿಯಿಲ್ಲ. ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಹೋಗಬಹುದು. ಭಾರ ಎತ್ತುವ, ಬಲವಾಗಿ ಹಿಡಿಯುವ ಕೆಲಸಕ್ಕೆ 6 ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಗಾಡಿಯನ್ನು ನೋವಿಲ್ಲದೆ ಗಟ್ಟಿಯಾಗಿ ಹಿಡಿಯಲು ಆಗುವವರೆಗೆ ಓಡಿಸಬೇಡಿ.

ಆಪರೇಷನ್ ಆದ ಮೇಲೆ ಹಿಡಿತ ಮೊದಲಿಗಿಂತ ಕಡಿಮೆ ಅನ್ನಿಸುತ್ತದೆ. ತುಂಬಾ ಜನ ಇಲ್ಲಿ ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ, ಆಮೇಲೂ ಸುಧಾರಿಸುತ್ತದೆ. ಅಂಗೈಯ ಬುಡದಲ್ಲಿ ಗಾಯದ ಎರಡೂ ಪಕ್ಕಕ್ಕೆ ನೋವು ಬರುತ್ತದೆ. ನೆಲಕ್ಕೆ ಅಂಗೈ ಊರಿ ಏಳುವಾಗ ಚೆನ್ನಾಗಿ ಗೊತ್ತಾಗುತ್ತದೆ. ಇದಕ್ಕೆ ಪಿಲ್ಲರ್ ಪೇಯ್ನ್ ಅನ್ನುತ್ತೇವೆ. ಮೂರು ತಿಂಗಳು, ಕೆಲವೊಮ್ಮೆ ಆರು ತಿಂಗಳವರೆಗೂ ಇರಬಹುದು. ನಿಧಾನಕ್ಕೆ ಹೋಗುತ್ತದೆ. ಗಾಯ ಪೂರ್ತಿ ಮಾಗಿದ ಮೇಲೆ ದಿನಕ್ಕೆ ಒಂದೆರಡು ಸಲ ಗಾಯದ ಗುರುತಿನ ಮೇಲೆ ಬೆರಳಿಂದ ಒತ್ತಿ ತಿಕ್ಕಿದರೆ ಮೆತ್ತಗಾಗುತ್ತದೆ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯಬೇಡಿ. ಗಾಯ ಕೆಂಪಾಗಿ ಬಿಸಿಯಾಗುವುದು, ಕೀವು, ಜ್ವರ, ಮೊದಲಿಲ್ಲದ ಹೊಸ ಜೋಮು, ದಿನದಿಂದ ದಿನಕ್ಕೆ ಏರುವ ನೋವಿನ ಜೊತೆ ಕೈ ಊದಿ, ಬಿಗಿದು, ಚರ್ಮ ಹೊಳೆಯುವುದು. ಇಂಥವು ಅಪರೂಪ, ಆದರೆ ಬೇಗ ಬಂದರೆ ಮಾಡಬಹುದಾದದ್ದು ಬಹಳ. ಒಂದಿಷ್ಟು ತಿಂಗಳಾದರೂ ರಾತ್ರಿಯ ಜೋಮು ಚೂರೂ ಹೋಗಿಲ್ಲ ಅಂದರೆ ಪಟ್ಟಿ ಪೂರ್ತಿ ಬಿಟ್ಟಿದೆಯಾ, ಕುತ್ತಿಗೆಯಲ್ಲೇನಾದರೂ ಇದೆಯಾ ಅಂತ ಮತ್ತೆ ನೋಡಬೇಕು.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದವರು ಕೆಲವು ಪ್ರಶ್ನೆ ಕೇಳಿದರು. "ಪಟ್ಟಿ ಕತ್ತರಿಸಿ ಬಿಟ್ಟರೆ ಅದಿಲ್ಲದೆ ಕೈ ಹೇಗೆ ನಡೆಯುತ್ತದೆ ಮೇಡಂ?" ಅಂತ ಹಿರಿಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಕತ್ತರಿಸಿದ ಜಾಗ ಖಾಲಿ ಉಳಿಯುವುದಿಲ್ಲ. ವಾರಗಳಲ್ಲಿ ಅಲ್ಲಿ ಹೊಸ ಅಂಗಾಂಶ ತುಂಬಿಕೊಂಡು ಪಟ್ಟಿ ಮತ್ತೆ ಕೂಡುತ್ತದೆ, ಈ ಸಲ ಸ್ವಲ್ಪ ಅಗಲವಾಗಿ. ಒಳಗೆ ನರಕ್ಕೆ ಜಾಗ ಜಾಸ್ತಿ ಸಿಗುತ್ತದೆ.

ಸಕ್ಕರೆ ಕಾಯಿಲೆ ಇದ್ದರೆ ಆಪರೇಷನ್ ಫಲ ಕೊಡುತ್ತದಾ ಅಂತ ಇನ್ನೊಬ್ಬರು ಕೇಳಿದರು. ಕೊಡುತ್ತದೆ. ಒತ್ತಡದಿಂದ ಆದ ಭಾಗ ಸರಿಹೋಗುತ್ತದೆ. ಸಕ್ಕರೆಯಿಂದಲೇ ನರಗಳು ಸೋತಿದ್ದರೆ ಆ ಭಾಗ ಉಳಿಯುತ್ತದೆ. ಪಾದಗಳೂ ಜೋಮು ಹಿಡಿಯುತ್ತವೆಯಾ ಅಂತ ನಾವು ಕೇಳುವುದು ಇದಕ್ಕೇ.

ಕೊನೆಗೆ ಒಬ್ಬ ತಾಯಿ, "ಎರಡೂ ಕೈಗೆ ಇದೆ, ಒಟ್ಟಿಗೇ ಮಾಡಿಸಿಬಿಡಲೇ?" ಅಂದರು. ಮಾಡಬಹುದು, ಕೆಲವರು ಮಾಡಿಸಿಕೊಳ್ಳುತ್ತಾರೆ. ಆದರೆ ಮೊದಲ ವಾರ ಊಟ, ಸ್ನಾನ, ಬಟ್ಟೆ, ಎಲ್ಲಕ್ಕೂ ಇನ್ನೊಬ್ಬರ ಕೈ ಬೇಕು. ಮನೆಯಲ್ಲಿ ಅಂಥವರಿದ್ದಾರಾ ಅಂತ ಮೊದಲು ಯೋಚಿಸಿ. ನಾನಾದರೆ ಹೆಚ್ಚು ಸೋತಿರುವ ಕೈಯನ್ನು ಮೊದಲು ಮಾಡಿ, ಇನ್ನೊಂದಕ್ಕೆ ರಾತ್ರಿ ಸ್ಪ್ಲಿಂಟ್ ಹಾಕಿಸಿ, ಮೊದಲನೆಯದು ಲೋಟ ಹಿಡಿಯುವಷ್ಟು ಆದ ಮೇಲೆ ಎರಡನೆಯದಕ್ಕೆ ದಿನ ಗೊತ್ತು ಮಾಡುತ್ತೇನೆ.